ಕಡಿದಾದ ಬಾಣೆಯಲ್ಲಿ ಹೊಸ ಮನೆ: ಗಾಳಿಬೀಡು ಕಡೆಯ ಒಂದು ಪ್ರಕರಣ

ಮಡಿಕೇರಿಯಿಂದ ಗಾಳಿಬೀಡು ಕಡೆಗೆ ಹೋಗುವ ದಾರಿಯಲ್ಲಿ, ಪಂಚಾಯಿತಿ ರಸ್ತೆಯ ಕೆಳಬದಿಗೆ ಒಂದೂವರೆ ಎಕರೆ ಬಾಣೆ, ಅಂದರೆ ಗದ್ದೆಗೆ ಸೇರಿದಂತೆ ಬರುವ ಗುಡ್ಡದ ಜಾಗ. ಹಳೇ ಅರೇಬಿಕಾ ಗಿಡ, ನೆರಳಿಗೆ ಹಲಸು, ನಂದಿ, ಸಿಲ್ವರ್ ಓಕ್, ಉಳಿದಂತೆ ಕಾಡು. ತಳದಲ್ಲಿ ತೋಡು (ಸಣ್ಣ ಹಳ್ಳ), ತೋಡಿನ ಆಚೆ ಗದ್ದೆ. ಬೆಟ್ಟ ವಾಯವ್ಯಕ್ಕೆ ಇಳಿಯುತ್ತದೆ. ಮಂಜು ಸರಿದ ದಿನ ಉತ್ತರಕ್ಕೆ ಪುಷ್ಪಗಿರಿ ಸಾಲು ಕಾಣುತ್ತದೆ. ಇಲ್ಲಿ ಹೊಸ ಮನೆ ಬೇಕು ಅಂತ ಒಂದು ಕುಟುಂಬ ಮನೆ ನಕ್ಷೆ ಮಾಡುವ ನಮ್ಮ ಕಚೇರಿಗೆ ಬಂತು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಜಾಗ ಇಟ್ಟುಕೊಂಡು ಯೋಚನೆ ಮಾಡುತ್ತಿರುವವರು ಕೊಡಗಿನಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬೇಕು ಅನ್ನುವುದೇ ನನ್ನ ಆಸೆ.

ಮನೆಯ ಯಜಮಾನರು ನಿವೃತ್ತ ಸುಬೇದಾರರು. ಅವರು, ಅವರ ಹೆಂಡತಿ, 80 ದಾಟಿದ ತಾಯಿ ಇಲ್ಲಿರುವವರು. ಮಗ, ಸೊಸೆ ಬೆಂಗಳೂರಿನಲ್ಲಿ. ಹಳೇ ಮನೆ ಗದ್ದೆಯ ಅಂಚಿನಲ್ಲಿದೆ, ಪಾಲಿನಲ್ಲಿ ಅದು ಅಣ್ಣನಿಗೆ ಹೋಯಿತು. ಇವರ ಪಾಲಿಗೆ ಬಂದದ್ದು ಈ ಬಾಣೆ ಮಾತ್ರ. ಇದನ್ನು ಮೊದಲೇ ಹೇಳಬೇಕು. ಸುಮ್ನೆ ವ್ಯೂ ಆಸೆಗೆ ಬೆಟ್ಟ ಹತ್ತಿದವರಲ್ಲ ಇವರು, ಬೇರೆ ಜಾಗ ಇರಲಿಲ್ಲ. ಬೇರೆ ಜಾಗ ಇರುವವರು ಯಾರಾದರೂ ನನ್ನನ್ನು ಕೇಳಿದರೆ ಇಷ್ಟು ಕಡಿದಾದ ಕಡೆ ಕಟ್ಟಬೇಡಿ ಅಂತಲೇ ಹೇಳುತ್ತೇನೆ.

ಬರುವಾಗ ಮಗನ ಫೋನಿನಲ್ಲಿ ಕೆಲವು ಚಿತ್ರ ಇದ್ದವು. ಚಪ್ಪಟೆ ತಾರಸಿ, ನೆಲದಿಂದ ಸೂರಿನವರೆಗೆ ಗಾಜು, ಕಣಿವೆಗೆ ಚಾಚಿದ ಡೆಕ್. ಜೊತೆಗೆ ಒಬ್ಬ ಗುತ್ತಿಗೆದಾರರು ಮಾಡಿಕೊಟ್ಟ ನಕ್ಷೆಯೂ ಇತ್ತು. 60 ಅಡಿ ಉದ್ದ, 50 ಅಡಿ ಅಗಲಕ್ಕೆ ಜೆಸಿಬಿಯಲ್ಲಿ ಸಮತಟ್ಟು ಮಾಡುವುದು, ಅದರ ಮೇಲೆ 2,400 ಚದರ ಅಡಿಯ ಮನೆ, ಮುಂದೆ ಕಾರು ತಿರುಗಿಸಲು ಅಂಗಳ. ಊರಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಮೂರ್ನಾಲ್ಕು ದಿನದಲ್ಲಿ ಜಾಗ ರೆಡಿ.

ಆ ಸಮತಟ್ಟಿನ ಲೆಕ್ಕ

ನಾವು ಟೋಟಲ್ ಸ್ಟೇಷನ್ (ನೆಲದ ಏರಿಳಿತ ಅಳೆಯುವ ಉಪಕರಣ) ಇಟ್ಟು ಸರ್ವೆ ಮಾಡಿಸಿದೆವು. ಬಾಣೆಯ ಇಳಿಜಾರು ಸರಾಸರಿ 26 ಡಿಗ್ರಿ ಬಂತು. ಅಂದರೆ 2 ಅಡಿ ಮುಂದೆ ಹೋದರೆ ಸುಮಾರು 1 ಅಡಿ ಇಳಿತ. 50 ಅಡಿ ಅಗಲದ ಸಮತಟ್ಟಿನ ಹಿಂದಿನ ಅಂಚಿಗೂ ಮುಂದಿನ ಅಂಚಿಗೂ 24 ಅಡಿ ವ್ಯತ್ಯಾಸ. ಅರ್ಧ ಕಡಿದು ಅರ್ಧ ತುಂಬಿದರೂ ಹಿಂದೆ 12 ಅಡಿ ಬರೆ (ಕಡಿದ ಮಣ್ಣಿನ ಗೋಡೆ) ನಿಲ್ಲುತ್ತದೆ, ಮುಂದೆ 12 ಅಡಿ ಹೊಸ ಮಣ್ಣು. ಒಟ್ಟು 9,000 ಘನ ಅಡಿ ಮಣ್ಣು ಜಾಗ ಬದಲಿಸಬೇಕು.

ಇದರಲ್ಲಿ ಜನ ಹೆದರುವುದು ಹಿಂದಿನ ಬರೆಗೆ. ನನಗೆ ಅಷ್ಟೇ ಹೆದರಿಕೆ ಮುಂದಿನ ತುಂಬಿದ ಮಣ್ಣಿನದು. ಕಡಿದ ಬರೆ ಕಣ್ಣಿಗೆ ಕಾಣುತ್ತದೆ, ಬಿರುಕು ಬಿಟ್ಟರೆ ಗೊತ್ತಾಗುತ್ತದೆ. ಜೆಸಿಬಿ ಬಕೆಟ್‌ನಿಂದ ತಳ್ಳಿದ ಮಣ್ಣು ಹಾಗಲ್ಲ. ಅದು ಹಳೇ ಹುಲ್ಲು, ಬೇರು, ಒಣ ಎಲೆಯ ಮೇಲೆ ಸಡಿಲವಾಗಿ ಕೂತಿರುತ್ತದೆ. ಒಂದೆರಡು ಮಳೆಗಾಲ ಏನೂ ಆಗದೆ ಇರಬಹುದು. ಎಲೆ, ಬೇರು ಕೊಳೆತು, ನೀರು ಆ ಪದರಕ್ಕೆ ದಾರಿ ಮಾಡಿಕೊಂಡ ವರ್ಷ ಅಂಗಳದ ಜೊತೆ ಮನೆಯ ಮುಂದಿನ ಕಂಬಗಳೂ ಇಳಿಯುತ್ತವೆ.

ತಡೆಗೋಡೆ ಕಟ್ಟಿದರೆ ಆಯ್ತಲ್ವಾ ಅಂತ ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಗೋಡೆಯ ಎತ್ತರ ದುಪ್ಪಟ್ಟಾದರೆ ಹಿಂದಿನ ಮಣ್ಣು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗೋಡೆಯ ಹಿಂದೆ ನೀರು ನಿಂತರೆ ಅದೇ ಎತ್ತರದ ಗೋಡೆಯ ಮೇಲಿನ ಒತ್ತಡ ಎರಡು ಪಟ್ಟಿಗಿಂತಲೂ ಜಾಸ್ತಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,200 ಮಿಲಿಮೀಟರ್ ಆಸುಪಾಸು ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಅಷ್ಟು ನೀರಿನಲ್ಲಿ 12 ಅಡಿ ಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟ ತೂತುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಗೋಡೆ ಉಬ್ಬಿದ್ದು ಕಾಣುವ ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ: ಒಂದೇ ವಾರದಲ್ಲಿ ಎಷ್ಟು ಊರಲ್ಲಿ ಗುಡ್ಡ ಕುಸಿಯಿತು. ಗಾಳಿಬೀಡಿಗೆ ಇವು ದೂರವೂ ಅಲ್ಲ. ಮರುವರ್ಷ ತೋರ, ಅದರ ಮುಂದಿನ ವರ್ಷ ತಲಕಾವೇರಿಯ ಗಜಗಿರಿ. 2018ರ ನಂತರ ಜಾಗ ನೋಡಲು ಬಂದ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ತಜ್ಞರು ವಿಪರೀತ ಮಳೆಯ ಜೊತೆಗೆ ಇನ್ನೊಂದನ್ನೂ ಹೇಳಿದ್ದರು. ಮನೆ, ರಸ್ತೆ, ಹೋಮ್‌ಸ್ಟೇ ಅಂತ ಇಳಿಜಾರು ಕಡಿದದ್ದು, ನೀರಿನ ಸಹಜ ದಾರಿ ಮುಚ್ಚಿದ್ದು. ಈ ಮಾತನ್ನು ನಾನು ಪ್ರತಿ ಹೊಸ ಮನೆಯವರ ಎದುರು ಹೇಳುತ್ತೇನೆ, ಈ ಕುಟುಂಬಕ್ಕೂ ಹೇಳಿದೆ. ಸುಬೇದಾರರಿಗೆ ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಆ ವಾರ ಅವರೇ ಮಣ್ಣಿನಲ್ಲಿ ನಿಂತು ಜನರನ್ನು ಆಚೆ ದಾಟಿಸಿದವರು.

ಸಮತಟ್ಟಾಗಿ ಕಂಡ ಜಾಗ

ಇಡೀ ಬಾಣೆಯಲ್ಲಿ ಒಂದೇ ಒಂದು ಕಡೆ ನೆಲ ಸ್ವಲ್ಪ ಮಟ್ಟಸವಾಗಿತ್ತು, ದಕ್ಷಿಣದ ಬದಿಗೆ. ಎಲ್ಲರ ಕಣ್ಣೂ ಮೊದಲು ಬಿದ್ದದ್ದು ಅಲ್ಲಿಗೇ. ಗುತ್ತಿಗೆದಾರರ ನಕ್ಷೆಯೂ ಅಲ್ಲೇ ಕೂತಿತ್ತು. ಕಡಿಯುವುದು ಕಡಿಮೆ, ಖರ್ಚು ಕಡಿಮೆ, ವ್ಯೂ ಕೂಡ ಚೆನ್ನಾಗಿದೆ.

ಆ ತೋಟದಲ್ಲಿ ವರ್ಷಗಳಿಂದ ಇರುವ ರೈಟರ್ (ಕೆಲಸದ ಉಸ್ತುವಾರಿ ನೋಡುವವರು) ಒಬ್ಬರಿದ್ದಾರೆ. ಜಾಗ ತೋರಿಸುತ್ತಾ ಅವರು ಹೇಳಿದರು: "ಅಲ್ಲಿ ಬೇಡ ಸಾರ್. ಮಳೆಗಾಲದಲ್ಲಿ ಅಲ್ಲಿ ಜಲ ಏಳ್ತದೆ. ಕಾಫಿ ಗಿಡವೂ ಅಲ್ಲಿ ನಿಲ್ಲುವುದಿಲ್ಲ."

ಅವರ ಮಾತು ಹಿಡಿದು ನೋಡುತ್ತಾ ಹೋದರೆ ಒಂದೊಂದೇ ಗುರುತು ಕಾಣತೊಡಗಿತು. ಮಾರ್ಚ್ ತಿಂಗಳು, ಸುತ್ತಲಿನ ನೆಲ ಒಣಗಿ ಬಿರುಕು ಬಿಟ್ಟಿತ್ತು. ಆ ಮಟ್ಟಸ ಜಾಗದಲ್ಲಿ ಮಾತ್ರ ಕಾಡುಕೆಸು ಹಸಿರಾಗಿ ನಿಂತಿತ್ತು. ಸಿಲ್ವರ್ ಮರಗಳ ಬುಡ ಕೆಳಕ್ಕೆ ಬಾಗಿ, ಆಮೇಲೆ ನೆಟ್ಟಗೆ ಮೇಲೆದ್ದಿದ್ದವು. ಮಣ್ಣು ವರ್ಷ ವರ್ಷ ಒಂದೊಂದು ಚೂರು ಕೆಳಗೆ ಸರಿಯುತ್ತಿರುವ ಕಡೆ ಮರ ಹೀಗೇ ಬೆಳೆಯುವುದು. ಗುಂಡಿ ತೆಗೆದರೆ ಕೆಂಪು ಮಣ್ಣಿನ ನಡುವೆ ಅಡ್ಡಾದಿಡ್ಡಿ ಕಲ್ಲು, ಅದರ ಕೆಳಗೆ ಮತ್ತೆ ಕಪ್ಪು ಮೇಲ್ಮಣ್ಣಿನ ಒಂದು ಪಟ್ಟಿ. ಮೇಲ್ಮಣ್ಣು ಐದಡಿ ಆಳದಲ್ಲಿ ಸಿಗುತ್ತದೆ ಅಂದರೆ ಯಾವಾಗಲೋ ಮೇಲಿನ ಗುಡ್ಡ ಜಾರಿ ಬಂದು ಹಳೇ ನೆಲವನ್ನು ಮುಚ್ಚಿದೆ ಅಂತ ಅರ್ಥ. ಆ ಮಟ್ಟಸ ಜಾಗ ಹುಟ್ಟಿದ್ದೇ ಹಳೇ ಕುಸಿತದಿಂದ.

ಕಡಿದಾದ ಬೆಟ್ಟದ ನಡುವೆ ಸಣ್ಣ ಸಮತಟ್ಟು ಕಂಡರೆ ನಮ್ಮ ಜನ ಖುಷಿಪಡುತ್ತಾರೆ. ಖುಷಿಪಡುವ ಮೊದಲು ಅಲ್ಲಿ ಒಂದು ಗುಂಡಿ ತೆಗೆಸಿ ನೋಡಿ. ಈ ಪ್ರಕರಣದಲ್ಲಿ ಇಡೀ ಕೆಲಸದ ದಿಕ್ಕು ಬದಲಾದದ್ದು ಆ ಒಂದು ಗುಂಡಿಯಿಂದ.

ಮಣ್ಣು ಪರೀಕ್ಷೆಗೆ ಬೋರ್ ಹಾಕಿಸಿದಾಗ ಇನ್ನೂ ಸ್ಪಷ್ಟವಾಯಿತು. ದಕ್ಷಿಣದ ಆ ಕೊಲ್ಲಿಯಲ್ಲಿ, ಅಂದರೆ ಆ ಮಟ್ಟಸ ಜಾಗ ಇರುವ ತಗ್ಗಿನಲ್ಲಿ, 20 ಅಡಿ ಹೋದರೂ ಗಟ್ಟಿ ಕಲ್ಲು ಇಲ್ಲ. ಸಿಕ್ಕಿದ್ದು ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಅದನ್ನು ಪಿಕಾಸಿಯಲ್ಲಿ ಅಗೆಯಬೇಕು, ಅಷ್ಟು ಗಟ್ಟಿ. ಒಂದು ಹಿಡಿ ತೆಗೆದು ನೀರು ಹಾಕಿ ಹಿಸುಕಿದರೆ ಬೆರಳ ನಡುವೆ ಸೋಪಿನ ಹಾಗೆ ಜಾರುತ್ತದೆ. ಮೇಲಿನ ಕೆಂಪು ಮಣ್ಣು ನೀರು ಕುಡಿದು ಕೆಳಗೆ ಬಿಡುತ್ತದೆ, ಶೇಡಿ ಮಣ್ಣು ಅದನ್ನು ಅಷ್ಟು ಬೇಗ ಬಿಡುವುದಿಲ್ಲ. ಎರಡರ ನಡುವೆ ನೀರು ಕಟ್ಟಿಕೊಂಡು ಒತ್ತಡ ಏರಿದಾಗ ಮೇಲಿನ ಪದರ ಮರ ಸಮೇತ ಹೊರಡುತ್ತದೆ. 2018ರಲ್ಲಿ ಜನ ಜಲಸ್ಫೋಟ ಅಂತ ಕರೆದದ್ದರ ಹಿಂದೆಯೂ ಹೀಗೆ ಒಳಗೆ ಕಟ್ಟಿಕೊಂಡ ನೀರಿನ ಒತ್ತಡವೇ ಇತ್ತು.

ಉತ್ತರದ ಬದಿಗೆ ಬೆಟ್ಟ ಒಂದು ಏಣಿನ ಹಾಗೆ ಹೊರಗೆ ಚಾಚಿಕೊಂಡಿದೆ. ಅಲ್ಲಿ ನೀರು ಎರಡು ಕಡೆಗೂ ಹರಿದುಹೋಗುತ್ತದೆ, ನಿಲ್ಲುವುದಿಲ್ಲ. ಎಂಟೊಂಬತ್ತು ಅಡಿಗೇ ಶಿಥಿಲವಾದರೂ ಗಟ್ಟಿಯಾದ ಕಲ್ಲು ಸಿಕ್ಕಿತು. ನೋಡುವುದಕ್ಕೆ ಇದು ಕೊಲ್ಲಿಗಿಂತ ಕಡಿದು, ಕಟ್ಟುವುದಕ್ಕೆ ಇದೇ ಸರಿಯಾದ ಜಾಗ. ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ಎರಡೂ ಕಡೆ ಇನ್ನೊಮ್ಮೆ ನೋಡಿಕೊಂಡೆವು. ಕೊಲ್ಲಿಯಲ್ಲಿ ರೈಟರ್ ಹೇಳಿದಂತೆ ಮೂರು ಕಡೆ ಜಲ ಎದ್ದಿತ್ತು. ಏಣಿನ ಮೇಲೆ ಎಲೆ ಒದ್ದೆಯಾಗಿತ್ತು ಅಷ್ಟೇ. ಮನೆಯನ್ನು ಈ ಏಣಿನ ಮೇಲಕ್ಕೆ ಸರಿಸಿದೆವು. ಕೊಲ್ಲಿಯನ್ನು ಇದ್ದ ಹಾಗೇ ಬಿಡುವುದು, ಅಲ್ಲಿ ಒಂದು ಸಿಮೆಂಟ್ ಚೀಲವನ್ನೂ ಇಡಬಾರದು ಅಂತ ತೀರ್ಮಾನವಾಯಿತು.

ಮನೆ ತೆಳ್ಳಗಾದದ್ದು

ಇಳಿಜಾರಿನಲ್ಲಿ ಮನೆಯ ಉದ್ದ ತೊಂದರೆ ಕೊಡುವುದಿಲ್ಲ, ಅಗಲ ಕೊಡುತ್ತದೆ. ಬೆಟ್ಟದ ಮಟ್ಟರೇಖೆಯ (ಒಂದೇ ಎತ್ತರದಲ್ಲಿ ಸಾಗುವ ಗೆರೆ) ಜೊತೆ ಎಷ್ಟು ಉದ್ದಕ್ಕೆ ಬೇಕಾದರೂ ಹೋಗಬಹುದು, ಅಡ್ಡಕ್ಕೆ ಒಂದೊಂದು ಅಡಿ ಹೆಚ್ಚಿಸಿದಾಗಲೂ ಅರ್ಧ ಅಡಿ ಎತ್ತರದ ವ್ಯತ್ಯಾಸ ಹೆಚ್ಚುತ್ತದೆ. ಹಾಗಾಗಿ ಮನೆಯನ್ನು ಎರಡು ಉದ್ದನೆಯ ಪಟ್ಟಿ ಮಾಡಿದೆವು. ಮೇಲಿನದು 18 ಅಡಿ ಅಗಲ, 50 ಅಡಿ ಉದ್ದ. ಅದಕ್ಕೆ ಅಂಟಿಕೊಂಡು 6 ಅಡಿ ಕೆಳಗೆ ಇನ್ನೊಂದು, 14 ಅಡಿ ಅಗಲ, ಅಷ್ಟೇ ಉದ್ದ. ನಡುವೆ 12 ಮೆಟ್ಟಿಲು. ಒಟ್ಟು 1,600 ಚದರ ಅಡಿ.

2,400 ಕೇಳಿದವರಿಗೆ 1,600 ಒಪ್ಪಿಸುವುದು ಸುಲಭವಾಗಿರಲಿಲ್ಲ. "ಪುತ್ತರಿಗೆ ನೆಂಟರೆಲ್ಲ ಬಂದರೆ ಎಲ್ಲಿ ಕೂರಿಸುವುದು?" ಅಂತ ಸುಬೇದಾರರ ಹೆಂಡತಿ ಕೇಳಿದರು. ಅದಕ್ಕೆ ಉತ್ತರ ಕೊಟ್ಟದ್ದು ಅವರ ಅತ್ತೆಯೇ. "ಐನ್‌ಮನೆ ಇರುವುದು ಯಾಕೆ ಮಗಾ? ಹಬ್ಬಕ್ಕೆ ಎಲ್ಲರೂ ಅಲ್ಲಿಗೇ ಹೋಗಲ್ವಾ?" ಅಂದರು. ಐನ್‌ಮನೆ ಅಂದರೆ ಇಡೀ ಮನೆತನಕ್ಕೆ ಸೇರಿದ ಹಿರಿಯರ ಮನೆ. ಚರ್ಚೆ ಅಲ್ಲಿಗೆ ಮುಗಿಯಿತು. ವರ್ಷಕ್ಕೆರಡು ದಿನದ ನೆಂಟರಿಗೋಸ್ಕರ ವರ್ಷವಿಡೀ ನಿಲ್ಲುವ ಬರೆಯನ್ನು ಎತ್ತರಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಈಗ ಲೆಕ್ಕ ನೋಡಿ. ಮೇಲಿನ ಪಟ್ಟಿಯ ಹಿಂದೆ ಕಡಿದದ್ದು 4 ಅಡಿ. ಮುಂದೆ ಅದು ಕಂಬಗಳ ಮೇಲೆ ಆರೂವರೆ ಅಡಿ ಎತ್ತರಕ್ಕೆ ನಿಲ್ಲುತ್ತದೆ. ಕೆಳಗಿನ ಪಟ್ಟಿಗೆ ನೆಲ ಕಡಿಯಲೇ ಇಲ್ಲ. ಹಿಂದೆ ನೆಲಕ್ಕಿಂತ ಅರ್ಧ ಅಡಿ ಮೇಲೆ, ಮುಂದೆ ಏಳೂವರೆ ಅಡಿ ಮೇಲೆ. ತೆಗೆದ ಮಣ್ಣು ಸುಮಾರು 800 ಘನ ಅಡಿ. ಮೊದಲ ನಕ್ಷೆಯ 9,000ದ ಜೊತೆ ಹೋಲಿಸಿ. ತುಂಬಿದ ಮಣ್ಣು ಒಂದು ಬುಟ್ಟಿಯೂ ಇಲ್ಲ. ತೆಗೆದದ್ದನ್ನು ಇಳಿಜಾರಿಗೆ ಸುರಿಯಲು ಬಿಡದೆ ಪಿಕಪ್‌ನಲ್ಲಿ ಸಾಗಿಸಿ, ಅಣ್ಣನ ಗದ್ದೆ ಬದಿಯ ಕಳಕ್ಕೆ (ಒಕ್ಕಣೆಯ ಕಣಕ್ಕೆ) ಹಾಕಿಸಿದೆವು.

ಆ 4 ಅಡಿಯ ಬರೆಗೆ ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ. ಕಲ್ಲಿನ ಸಂದಿಯಲ್ಲಿ ನೀರು ತಾನೇ ಇಳಿದುಹೋಗುತ್ತದೆ, ಹಿಂದೆ ನಿಲ್ಲುವುದಿಲ್ಲ. ಮಣ್ಣು ತೊಳೆದು ಬಾರದಿರಲಿ ಅಂತ ಹಿಂಬದಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಈ ಗೋಡೆಗೂ ಮನೆಯ ಗೋಡೆಗೂ ನಡುವೆ 3 ಅಡಿ ಖಾಲಿ ಜಾಗ, ಅದರ ತಳದಲ್ಲಿ ಚರಂಡಿ. ಮನೆಯ ಗೋಡೆಯನ್ನೇ ತಡೆಗೋಡೆ ಮಾಡಿ ಸಿಮೆಂಟ್ ಉಳಿಸುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮಣ್ಣು ತಾಗಿದ ಗೋಡೆ ಕೊಡಗಿನಲ್ಲಿ ವರ್ಷದಲ್ಲಿ ಆರು ತಿಂಗಳು ಬೆವರುತ್ತದೆ, ಒಳಗಿನ ಕಪಾಟಿನಲ್ಲಿ ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲ ಬೂಷ್ಟು ಹಿಡಿಯುತ್ತವೆ. ಬರೆ ಕುಸಿದರೆ ಅದು ನೇರ ಕೋಣೆಯೊಳಗೇ ಬರುತ್ತದೆ. 3 ಅಡಿ ಜಾಗ ಇದ್ದರೆ ಒಬ್ಬರು ನಡೆದು ನೋಡಬಹುದು, ಕೆಸರು ಬಿದ್ದರೆ ಎತ್ತಬಹುದು.

ಕಂಬ ಉಕ್ಕಿನದು, ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು. ಬರೀ ಪೇಂಟ್ ಈ ತೇವದಲ್ಲಿ ನಿಲ್ಲುವುದಿಲ್ಲ. ಕಂಬಗಳ ಕೆಳಗೆ ಕೈಯಲ್ಲೇ ಅಗೆದ ಗುಂಡಿ, ಆ ಗಟ್ಟಿ ಕಲ್ಲಿನವರೆಗೆ ಇಳಿಸಿದ ಕಾಂಕ್ರೀಟ್ ಪಾದ. ಇಲ್ಲಿ ಒಂದು ಸೂಕ್ಷ್ಮ ಇದೆ. ಇಳಿಜಾರಿನ ಮನೆಯಲ್ಲಿ ಹಿಂದಿನ ಕಂಬ ಗಿಡ್ಡ, ಮುಂದಿನದು ಉದ್ದ. ಭೂಮಿ ನಡುಗಿದಾಗ ಉದ್ದನೆಯ ಕಂಬ ಬಳುಕುತ್ತದೆ, ಗಿಡ್ಡ ಕಂಬ ಬಳುಕಲಾರದೆ ಬಲವನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಮೊದಲು ಮುರಿಯುತ್ತದೆ. 2022ರ ಜೂನ್, ಜುಲೈನಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದ್ದು ನೆನಪಿರಬಹುದು. ಸಣ್ಣ ಕಂಪನಗಳೇ ಆದರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವ ಹಾಗಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಹಿಂಬದಿಯಲ್ಲಿ ಗಿಡ್ಡ ಕಂಬದ ಬದಲು ಕಾಂಕ್ರೀಟ್ ಗೋಡೆಯ ತುಂಡುಗಳನ್ನು ಕೊಟ್ಟು, ಮುಂದಿನ ಕಂಬಗಳಿಗೆ ಅಡ್ಡಪಟ್ಟಿ ಕಟ್ಟಿ, ಪಾದಗಳನ್ನೆಲ್ಲ ತೊಲೆಗಳಿಂದ ಜೋಡಿಸಿದರು.

ನೀರಿನ ದಾರಿ

ನಕ್ಷೆಯಲ್ಲಿ ನಾವು ಕೋಣೆಗಳನ್ನು ಗೆರೆ ಎಳೆಯುವ ಮೊದಲು ಎಳೆದದ್ದು ನೀರಿನ ಗೆರೆ. ಸುಬೇದಾರರ ತಂದೆ ಬರೆದಿಟ್ಟ ಮಳೆ ಪುಸ್ತಕ ಮನೆಯಲ್ಲಿತ್ತು. ನಮ್ಮ ಕಡೆ ತೋಟದವರು ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಪಾಲು) ಬರೆಯುತ್ತಾರೆ, ಅದೂ ಹಾಗೇ ಇತ್ತು. ಮುಂದೆ ಸುಬೇದಾರರೂ ಅದನ್ನು ಬಿಡದೆ ಬರೆದಿದ್ದರು. ಆ ಪುಸ್ತಕದಿಂದ ನಾವು ಹುಡುಕಿದ್ದು ಅತಿ ಹೆಚ್ಚು ಮಳೆ ಬಿದ್ದ ಒಂದು ದಿನವನ್ನಲ್ಲ, ಬಿಡುವಿಲ್ಲದೆ ಸುರಿದ ವಾರಗಳನ್ನು. ಬೆಟ್ಟ ಜಾರುವುದು ಒಂದೇ ದಿನದ ಮಳೆಗಿಂತ ಹೆಚ್ಚಾಗಿ, ನೆನೆದು ನೆನೆದು ತುಂಬಿದ ನೆಲಕ್ಕೆ ಮತ್ತೊಂದು ಜೋರು ಮಳೆ ಬಿದ್ದಾಗ.

ದಿನಕ್ಕೆ 300 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ 12 ಇಂಚು ಅಂತ ಹಿಡಿದು ಲೆಕ್ಕ ಹಾಕಿದೆವು. ಸೂರಿನ ಚಾಚು ಸೇರಿ ಚಾವಣಿ 200 ಚದರ ಮೀಟರ್. ಅಂಥ ಒಂದು ದಿನ ಚಾವಣಿಯಿಂದ ಮಾತ್ರ ಇಳಿಯುವ ನೀರು 60,000 ಲೀಟರ್, 6,000 ಲೀಟರ್‌ನ 10 ಟ್ಯಾಂಕರ್. ಕಾಡು ಇದ್ದಾಗ ಈ ನೀರು ಎಲೆ, ಕಸ, ಬೇರುಗಳಲ್ಲಿ ಹಂಚಿಹೋಗುತ್ತಿತ್ತು. ಮನೆ ಬಂದ ಮೇಲೆ ಅದೆಲ್ಲ ಒಂದು ಗೆರೆಯಲ್ಲಿ ಬೀಳುತ್ತದೆ. ಮನೆ ಕಟ್ಟುವವರು ಬೆಟ್ಟಕ್ಕೆ ಮಾಡುವ ದೊಡ್ಡ ಬದಲಾವಣೆ ಇದು. ಎಷ್ಟೋ ಕಡೆ ಮನೆಯ ಒಳಗೆ ಇಟಾಲಿಯನ್ ಮಾರ್ಬಲ್ ಇರುತ್ತದೆ, ಚಾವಣಿ ನೀರು ಮಾತ್ರ ಪೈಪಿನಿಂದ ಸೀದಾ ಬರೆಗೆ ಬೀಳುತ್ತಿರುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಚಾವಣಿ ಎರಡು ಹಲಗೆಯ ಹಾಗೆ, ಎರಡೂ ಕಣಿವೆಯ ಕಡೆಗೇ ಇಳಿಜಾರು. ಒಳಮೂಲೆಯ ಸೇರುವೆ ಎಲ್ಲೂ ಇಲ್ಲ, ಏಕೆಂದರೆ ನಮ್ಮ ಮಳೆಗೆ ಸೋರುವುದು ಅಲ್ಲೇ. ಮೇಲಿನ ಚಾವಣಿಯ ನೀರು ಸೂರಿನ ದೋಣಿಯಲ್ಲಿ (ಗಟರ್) ಹಿಡಿದು, ಕೆಳಗಿನದರ ಜೊತೆ ಸೇರಿಸಿ, ಮುಚ್ಚಿದ ಪೈಪಿನಲ್ಲಿ ಉತ್ತರದ ಬದಿಯ ಕಲ್ಲಿನ ಮೆಟ್ಟಿಲು ಕಾಲುವೆಗೆ. ಆ ಕಾಲುವೆ ಏಣಿನ ಪಕ್ಕದಲ್ಲೇ ತೋಡಿನವರೆಗೆ ಇಳಿಯುತ್ತದೆ. ಮೆಟ್ಟಿಲು ಯಾಕೆಂದರೆ ನೀರಿನ ವೇಗ ಒಡೆಯಬೇಕು. ತೋಡಿಗೆ ಸೇರುವ ಕಡೆ ದೊಡ್ಡ ಕಲ್ಲು ಹಾಸಿದೆವು.

ಮನೆಯಿಂದ 20 ಅಡಿ ಮೇಲೆ ಇನ್ನೊಂದು ಚರಂಡಿ, ಗುಡ್ಡದಿಂದ ಹರಿದು ಬರುವ ನೀರು ಹಿಡಿಯಲು. ಇದನ್ನು ಕಾಂಕ್ರೀಟ್ ಹಾಕದೆ ಬರೀ ಮಣ್ಣಿನಲ್ಲಿ ತೋಡಿದರೆ ತೋಡದೆ ಇರುವುದೇ ವಾಸಿ. ನೀರನ್ನು ಹಿಡಿದು ನಿಲ್ಲಿಸಿ, ಮನೆಯ ಹಿಂದಿನ ನೆಲಕ್ಕೇ ಇಂಗಿಸಿದ ಹಾಗಾಗುತ್ತದೆ. ಇಂಗುಗುಂಡಿಯ ಮಾತೂ ಇದೇ. ಬಯಲುಸೀಮೆಯಲ್ಲಿ ಅದು ಬಹಳ ಒಳ್ಳೆಯ ಕೆಲಸ. ಕಡಿದಾದ ಕೊಡಗಿನ ಬರೆಯ ಮೇಲೆ ಬೇಡ. 2020ರಲ್ಲಿ ಗಜಗಿರಿ ಕುಸಿದಾಗ ಅಲ್ಲಿ ತೆಗೆದಿದ್ದ ಇಂಗುಗುಂಡಿಗಳ ಬಗ್ಗೆ ಎದ್ದ ಚರ್ಚೆ ಕೊಡಗಿನ ಎಲ್ಲರಿಗೂ ಗೊತ್ತು.

ಕಕ್ಕಸಿನ ನೀರನ್ನು ಜನ ಮರೆತೇಬಿಡುತ್ತಾರೆ. ಮನೆಯಿಂದ ದಿನವೂ, ಬೇಸಿಗೆ ಮಳೆ ಅನ್ನದೆ, ಒಂದೇ ಕಡೆ ನೆಲಕ್ಕೆ ಇಳಿಯುವ ನೀರದು. ಟ್ಯಾಂಕನ್ನು ಪೂರ್ತಿ ಮುಚ್ಚಿ, ಹೊರಬರುವ ನೀರನ್ನು ಪೈಪಿನಲ್ಲಿ ಗದ್ದೆ ಬದಿಯ ತಗ್ಗು ನೆಲಕ್ಕೆ, ತೋಡಿನಿಂದಲೂ ಬಾವಿಯಿಂದಲೂ ದೂರಕ್ಕೆ ಒಯ್ದೆವು. ಇಂಗುವ ಗುಂಡಿ ಅಲ್ಲಿದೆ, ಇಳಿಜಾರಿನಲ್ಲಿ ಇಲ್ಲ.

ಮರ, ಗಾಜು, ದಾರಿ

ಕಡಿದದ್ದು ಸಿಲ್ವರ್ ಮರ ಮಾತ್ರ, ಅದೂ ಮನೆಯ ಮೇಲೆ ಬೀಳುವಷ್ಟು ವಾಲಿದ್ದವನ್ನು. ಹಲಸು, ನಂದಿ ಉಳಿದವು. ಬೇರು ಮಣ್ಣನ್ನು ಹಿಡಿದಿರುವುದು ಮೇಲಿನ ಐದಾರು ಅಡಿಯಲ್ಲಿ ಮಾತ್ರ, ಆಳದ ಜಾರಿಕೆಯನ್ನು ಮರ ತಡೆಯಲಾರದು. ಆದರೆ ಕಡಿದ ಮರದ ಬೇರು ಕೊಳೆಯಲು ಕೆಲವು ವರ್ಷ ಬೇಕು, ಅಪಾಯ ಶುರುವಾಗುವುದು ಆಗ. ಕಡಿದ ಮರುವರ್ಷ ಏನೂ ಆಗಲಿಲ್ಲ ಅಂತ ನೆಮ್ಮದಿಯಾಗಿರುವ ಹಾಗಿಲ್ಲ. ಬುಡ ಕೀಳಿಸದೆ ಬಿಟ್ಟು, ಪಕ್ಕದಲ್ಲಿ ಕಾಡುಗಿಡ ಮತ್ತು ಲಾವಂಚ ನೆಡಿಸಿದೆವು.

ಮುಂಗಾರಿನ ಗಾಳಿ ನೈರುತ್ಯದಿಂದ ಬರುತ್ತದೆ. ಆ ಬದಿಯ ಗೋಡೆ ಬಹುತೇಕ ಮುಚ್ಚಿದೆ. ಅಲ್ಲಿ ಬಚ್ಚಲು, ಉಗ್ರಾಣ, ಮತ್ತೆ ಬಟ್ಟೆ ಒಣಗಿಸುವ ಒಂದು ಕೋಣೆ. ಬಚ್ಚಲ ಒಲೆಯ ಬಿಸಿ ಆ ಕೋಣೆಗೆ ಹಾಯುತ್ತದೆ. ಜುಲೈನಲ್ಲಿ ಒಂದು ಒಣಗಿದ ಟವೆಲ್ ಎಷ್ಟು ದೊಡ್ಡ ವಿಷಯ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಮಗನಿಗೆ ಬೇಕಿದ್ದ ಗಾಜು ಕಣಿವೆಯ ಕಡೆ ಇದೆ, 5 ಅಡಿ ಸೂರಿನ ಕೆಳಗೆ, ಹಾಲ್ ಮತ್ತು ಊಟದ ಜಾಗಕ್ಕೆ ಮಾತ್ರ. ಡೆಕ್ ಬದಲು ಕೆಳಗಿನ ಪಟ್ಟಿಯ ಮುಂದೆ ಕೈಯಾಲ, ಅಂದರೆ ಜಗಲಿ. ಸುಬೇದಾರರ ಅಣ್ಣನವರು ತಮ್ಮ ತೋಟದಲ್ಲಿ ಬಿದ್ದಿದ್ದ ಹಲಸಿನ ದಿಮ್ಮಿ ಕೊಟ್ಟರು, ಅದರಿಂದ ಅಲ್ಲಿಗೆ ಐಮರ (ಕೂರುವ ಅಗಲ ಹಲಗೆ) ಆಯಿತು. ಅಜ್ಜಿ ಮಧ್ಯಾಹ್ನವೆಲ್ಲ ಕೂರುವುದು ಈಗ ಅಲ್ಲೇ.

ಬಾಗಿಲವರೆಗೆ ಕಾರು ಬರಬೇಕು ಅನ್ನುವುದು ಕೊನೆಯವರೆಗೂ ಕಾಡಿದ ವಿಷಯ. ಹೊಸ ರಸ್ತೆ ಕಡಿದಿದ್ದರೆ ಅದರ ಬರೆ ಮನೆಯ ಬರೆಗಿಂತ ಎರಡು ಪಟ್ಟು ಎತ್ತರವಾಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಕುಸಿಯುವುದು ಮನೆಯಲ್ಲ, ಮನೆಗೆ ಹೋಗುವ ರಸ್ತೆ. ಹಳೇ ಕಾಫಿ ದಾರಿ ಒಂದು ಮಟ್ಟರೇಖೆಯಲ್ಲೇ ಬರುತ್ತಿತ್ತು, 8 ಅಡಿ ಅಗಲ. ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿದೆವು. ಜೀಪು ಬರುತ್ತದೆ, ಆಂಬುಲೆನ್ಸ್ ಆಗಿ ಓಡುವ ಓಮ್ನಿಯೂ ಬರುತ್ತದೆ. ಮೇಲಿನ ಪಟ್ಟಿಯ ನೆಲ ಆ ದಾರಿಯ ಮಟ್ಟಕ್ಕೇ ಇರುವುದರಿಂದ ಅಜ್ಜಿಗೆ ಬಾಗಿಲಲ್ಲಿ ಒಂದು ಮೆಟ್ಟಿಲೂ ಇಲ್ಲ. ಬೆಂಗಳೂರಿನ ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ.

ಒಂದು ಮಳೆಗಾಲ ಕಾದದ್ದು

ಭೂ ಪರಿವರ್ತನೆ, ಲೈಸೆನ್ಸ್ ಎಲ್ಲ ಮುಗಿಯುವಾಗ ಡಿಸೆಂಬರ್. ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ, ಆಳು ಸಿಗುವುದಿಲ್ಲ. ಫೆಬ್ರವರಿಯಲ್ಲಿ ಕೆಲಸ ಹಿಡಿದು ಮೇ ಮಧ್ಯದೊಳಗೆ ಮಣ್ಣಿನ ಕೆಲಸ ಮುಗಿಸಬೇಕು ಅನ್ನುವುದು ನಮ್ಮ ಹಠ. ಚರಂಡಿ, ಗೇಬಿಯನ್, ಮೆಟ್ಟಿಲು ಕಾಲುವೆ, ಪಾದ, ಹಿಂದಿನ ಗೋಡೆ, ಇಷ್ಟೇ ಆ ವರ್ಷ. ಆಮೇಲೆ ನಿಲ್ಲಿಸಿದೆವು. ಒಂದು ಮಳೆಗಾಲ ಹೋಗಲಿ ಅಂದೆವು.

ಮಗನಿಗೆ ಇದು ಕಷ್ಟವಾಯಿತು. ಸಾಲದ ಕಂತು ಶುರುವಾಗಿತ್ತು, ಬೆಂಗಳೂರಿನ ಬಾಡಿಗೆಯೂ ಇತ್ತು. ಅವನ ಕಷ್ಟ ನಿಜವಾದದ್ದೇ. ಆದರೂ ಕಡಿದ ಬೆಟ್ಟ ಮೊದಲ ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಮೇಲೆ ಮನೆ ಇಲ್ಲದಾಗಲೇ ನೋಡಬೇಕು. ಏಣಿನ ಮೇಲೆ ಗೂಟಗಳನ್ನು ಒಂದೇ ಸಾಲಿನಲ್ಲಿ ಹೊಡೆದು ದಾರ ಕಟ್ಟಿದೆವು. ಸಾಲು ವಕ್ರವಾದರೆ ನೆಲ ಸರಿದಿದೆ ಅಂತ. ಸುಬೇದಾರರು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದು, ಗೂಟ ನೋಡಿ, ಫೋಟೋ ಕಳಿಸುತ್ತಿದ್ದರು. ಗೂಟ ಅಲ್ಲಾಡಲಿಲ್ಲ. ಕೊಲ್ಲಿಯಲ್ಲಿ ಮಾತ್ರ ಆಗಸ್ಟ್‌ನಲ್ಲಿ ಒಂದು ಅಂಗೈ ಅಗಲದ ಬಿರುಕು ಬಿಟ್ಟು, ಎರಡು ಸಿಲ್ವರ್ ಮರ ಇನ್ನಷ್ಟು ವಾಲಿದವು. ಮೊದಲ ನಕ್ಷೆಯ ಮನೆ ಇರಬೇಕಿದ್ದದ್ದು ಅಲ್ಲಿ. ಮಗ ದೀಪಾವಳಿಗೆ ಬಂದಾಗ ಅದನ್ನು ನೋಡಿ ಬಂದ, ಕಾದ ವರ್ಷದ ಬಗ್ಗೆ ಮತ್ತೆ ಮಾತು ಬರಲಿಲ್ಲ.

ಎರಡನೇ ಬೇಸಿಗೆಯಲ್ಲಿ ಮನೆ ಎದ್ದಿತು. ಉಕ್ಕಿನ ಕೆಲಸ ಬೇಗ, ಭಾರವೂ ಕಡಿಮೆ, ಕಾಂಕ್ರೀಟ್ ಲಾರಿ ಬೇಕಾಗಲಿಲ್ಲ. ಒಟ್ಟು ಖರ್ಚಿನಲ್ಲಿ ಮೂರನೇ ಒಂದು ಭಾಗ ಮಣ್ಣಿನೊಳಗೆ ಮತ್ತು ಚರಂಡಿಗೆ ಹೋಗಿದೆ. ಗೃಹಪ್ರವೇಶಕ್ಕೆ ಬಂದವರ ಕಣ್ಣಿಗೆ ಅದು ಕಾಣುವುದಿಲ್ಲ. ನನ್ನ ಪ್ರಕಾರ ಈ ಮನೆಯಲ್ಲಿ ಅತ್ಯಂತ ಚೆನ್ನಾಗಿ ಖರ್ಚಾದ ಹಣ ಅದೇ. ಕುಟುಂಬ ಒಂದು ನಿಯಮವನ್ನೂ ಮಾಡಿಕೊಂಡಿದೆ: ವಾರವಿಡೀ ಮಳೆ ಬಿದ್ದ ಮೇಲೆ ಒಂದೇ ದಿನ 8 ಇಂಚು ದಾಟಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತುಹೋದರೆ, ಅಜ್ಜಿಯನ್ನು ಕರೆದುಕೊಂಡು ಮಡಿಕೇರಿಯ ನೆಂಟರ ಮನೆಗೆ ಹೋಗುವುದು. ಮನೆ ಎಷ್ಟೇ ಗಟ್ಟಿ ಇದ್ದರೂ ಮೇಲಿನ ಗುಡ್ಡ ನಮ್ಮ ನಕ್ಷೆಯೊಳಗೆ ಇಲ್ಲವಲ್ಲ.

ಇನ್ನೂ ಬಗೆಹರಿಯದ ವಿಷಯ ಒಂದಿದೆ. ಮೇಲಿನ ರಸ್ತೆಗೆ ಡಾಂಬರು ಹಾಕಿದ ಮೇಲೆ ಅದರ ಚರಂಡಿ ನೀರೆಲ್ಲ ಒಂದೇ ಮೋರಿಯಿಂದ ಕೊಲ್ಲಿಯ ತಲೆಗೆ ಬೀಳುತ್ತಿದೆ. ಮೊದಲು ಆ ನೀರು ಮೂರ್ನಾಲ್ಕು ಕಡೆ ಹಂಚಿಹೋಗುತ್ತಿತ್ತು. ಕೊಲ್ಲಿಯ ಬಿರುಕಿಗೆ ಅದೂ ಒಂದು ಕಾರಣ ಅಂತ ನಮ್ಮ ಅಭಿಪ್ರಾಯ. ಕೆಳಗಿನ ಗದ್ದೆಯವರ ಸಹಿ, ಸರ್ವೆ ನಕ್ಷೆ, ಮಳೆ ಪುಸ್ತಕದ ಪ್ರತಿ ಎಲ್ಲ ಇಟ್ಟು ಪಂಚಾಯಿತಿಗೆ ಅರ್ಜಿ ಕೊಟ್ಟಾಗಿದೆ. ಮೋರಿಯ ಬಾಯಿಂದ ತೋಡಿನವರೆಗೆ ದೊಡ್ಡ ಪೈಪ್ ಇಳಿಸಬೇಕು ಅನ್ನುವುದು ನಮ್ಮ ಸಲಹೆ. ಪೈಪು ನಮ್ಮ ಮೆಟ್ಟಿಲು ಕಾಲುವೆಯ ಕೆಳಭಾಗಕ್ಕೆ ಬಂದು ಸೇರುವುದಾದರೆ ಆ ಭಾಗವನ್ನು ಅಗಲ ಮಾಡಬೇಕಾಗುತ್ತದೆ. ಅದಕ್ಕೆ ಸುಬೇದಾರರು ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ, ನಕ್ಷೆಯೂ ರೆಡಿ ಇದೆ. ಕೆಲಸ ಮುಂದಿನ ಮೇ ಒಳಗೆ ಆಗಬೇಕು.